ಗಾಳಿಯ ಮಾರ್ಪಾಟೂ ಮರದೆಲೆಯ ವಂಶಗುಣವೂ

ಮರಗಳ ಮೈಯನ್ನು ಕಟ್ಟುವ ಪದಾರ್ಥವೆಲ್ಲವೂ ಮಣ್ಣಿನಿಂದಲೇ ಬರತಕ್ಕದ್ದಲ್ಲ, ಅದರ ಬಹುಭಾಗವು ಗಾಳಿಯಿಂದ ಬರುವುದೆಂಬ ಸಂಗತಿಯು ನಮ್ಮ ವಾಚಕರಿಗೆ ತಿಳಿದೇ ಇರುವುದಷ್ಟೆ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಇಂಗಾಲಾಮ್ಲ ವಾಯುವನ್ನು ಎಲೆಗಳು ಹೀರಿ, ಸೂರ್ಯನ ಬೆಳಕಿನ ಸಹಾಯದಿಂದ ಸಕ್ಕರೆಯನ್ನಾಗಿ ಮಾರ್ಪಡಿಸಿ, ಅದರಿಂದ ಕಾಂಡವನ್ನೂ ಬೇರನ್ನೂ ಹಣ್ಣನ್ನೂ ಬೆಳೆಸುತ್ತವೆ. ಕಲ್ಲಿದ್ದಲು, ಪೆಟ್ರೋಲು ಮುಂತಾದುವನ್ನು ಸುಡುವುದರಿಂದಲೂ ಕಾಡುಗಳನ್ನು ಕಡಿಯುವುದರಿಂದಲೂ ಈ ವಾಯುವು ಹೆಚ್ಚುತ್ತಿದೆಯೆಂಬುದನ್ನೂ ಈಗ ಎಲ್ಲರೂ ಕೇಳಿರುತ್ತಾರೆ. ಇವೆರಡನ್ನೂ ಜೋಡಿಸಿ, "ಮರಕ್ಕೆ ಆಹಾರ ಹೆಚ್ಚಾದರೆ ಮರ ಹೆಚ್ಚು ಬೆಳೆಯುವುದು, ನಮಗೇತಕ್ಕೆ ಚಿಂತೆ?" ಎಂದು ಅನೇಕ ಭೂಮಾಲೀಕರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಉತ್ತರವು ಅಷ್ಟು ಸುಲಭವಾದುದಲ್ಲ. ಉಣ್ಣುವವನ ಮುಂದೆ ಎಷ್ಟು ಬಡಿಸಿದರೂ ಅವನು ತನ್ನ ಪ್ರಕೃತಿಗೆ ತಕ್ಕಷ್ಟನ್ನೇ ಉಣ್ಣುವಂತೆ, ಮರವೂ ತನ್ನ ವಂಶಗುಣಕ್ಕೆ ತಕ್ಕಂತೆಯೇ ಈ ವಾಯುವನ್ನು ಉಪಯೋಗಿಸಿಕೊಳ್ಳುವುದು. ಈ ವಂಶಗುಣದ ವಿಚಾರವನ್ನು ಅರಿಯದೆ ಇಂದು ಸಸಿ ನೆಡುವವರು ಮುಂದೆ ನಷ್ಟಕ್ಕೆ ಗುರಿಯಾಗಬಹುದೆಂಬುದು ನಮ್ಮ ಅಭಿಪ್ರಾಯ.

ಮೊದಲು ಗಾಳಿಯ ಲೆಕ್ಕವನ್ನು ನೋಡೋಣ. ಕಾರ್ಖಾನೆಗಳ ಯುಗವು ಪ್ರಾರಂಭವಾಗುವುದಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 280 ಭಾಗ ಇಂಗಾಲಾಮ್ಲ ವಾಯುವಿದ್ದಿತು. 1958ನೆಯ ಇಸವಿಯಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿಯು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ಪ್ರಾರಂಭಿಸಿದಾಗ ಅದು ಸುಮಾರು 315 ಭಾಗವಾಗಿದ್ದಿತು. 2013ರಲ್ಲಿ ಅದೇ ಸ್ಥಳದಲ್ಲಿ ಮೊದಲ ಸಲ 400ನ್ನು ಮುಟ್ಟಿತು. 2024ನೆಯ ವರ್ಷದ ಸರಾಸರಿಯು 420ನ್ನೂ ಮೀರಿರುತ್ತದೆ. ನಮ್ಮ ಅಜ್ಜಂದಿರು ನೆಟ್ಟ ಹುಣಿಸೆಯ ಮರವು ಮೊಳೆತ ಕಾಲದ ಗಾಳಿಯೇ ಬೇರೆ, ಅದೇ ಮರವು ಇಂದು ಉಸಿರಾಡುತ್ತಿರುವ ಗಾಳಿಯೇ ಬೇರೆ ಎಂಬುದನ್ನು ಇದರಿಂದ ತಿಳಿಯಬಹುದು.

ಇನ್ನು ಎಲೆಯ ರಚನೆಯನ್ನು ನೋಡೋಣ. ಹೊಂಗೆಯ ಎಲೆಯನ್ನಾಗಲಿ ಹಲಸಿನ ಎಲೆಯನ್ನಾಗಲಿ ಮಗುಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಕೆಳಮೈಯಲ್ಲಿ ಅಸಂಖ್ಯಾತವಾದ ಸಣ್ಣ ಬಾಯಿಗಳು ಕಾಣುತ್ತವೆ. ಇವಕ್ಕೆ ಪತ್ರರಂಧ್ರಗಳೆಂದು ಹೆಸರು. ಒಂದೊಂದು ರಂಧ್ರದ ಎರಡು ಮಗ್ಗುಲಲ್ಲಿಯೂ ತುಟಿಗಳಂತೆ ಎರಡು ಕಾವಲು ಜೀವಕಣಗಳಿದ್ದು, ಅವು ಉಬ್ಬಿದಾಗ ರಂಧ್ರವು ತೆರೆಯುವುದು, ಕುಗ್ಗಿದಾಗ ಮುಚ್ಚುವುದು. ಇಂಗಾಲಾಮ್ಲ ವಾಯುವು ಒಳಗೆ ಬರುವುದೂ ಇದೇ ಬಾಗಿಲಿನಿಂದ, ಬೇರು ಕಷ್ಟಪಟ್ಟು ತಂದ ನೀರು ಆವಿಯಾಗಿ ಹೊರಗೆ ಹೋಗುವುದೂ ಇದೇ ಬಾಗಿಲಿನಿಂದ. ಆ ವಾಯುವಿನ ಒಂದು ಅಣುವನ್ನು ಗಳಿಸಬೇಕಾದರೆ ಮರವು ನೂರಾರು ಅಣುಗಳಷ್ಟು ನೀರನ್ನು ತೆರಬೇಕಾಗುವುದು. ಆದುದರಿಂದ ಬಾಗಿಲುಗಳು ಎಷ್ಟಿರಬೇಕು, ಎಷ್ಟು ತೆರೆದಿರಬೇಕು ಎಂಬುದು ಮರಕ್ಕೆ ಜೀವನ್ಮರಣದ ಪ್ರಶ್ನೆ. ಮಳೆಯಾಶ್ರಯದ ಬಯಲುಸೀಮೆಯ ಮರಕ್ಕಂತೂ ಇದಕ್ಕಿಂತ ಮುಖ್ಯವಾದ ಪ್ರಶ್ನೆಯೇ ಇಲ್ಲವೆನ್ನಬಹುದು.

ಗಾಳಿಯು ಮಾರ್ಪಟ್ಟ ಹಾಗೆಲ್ಲ ಮರಗಳು ಈ ಬಾಗಿಲುಗಳ ಲೆಕ್ಕವನ್ನೂ ಮಾರ್ಪಡಿಸಿಕೊಂಡಿವೆಯೆಂಬುದು 1987ನೆಯ ಇಸವಿಯಲ್ಲಿ ಬೆಳಕಿಗೆ ಬಂದಿತು. ಇಂಗ್ಲೆಂಡಿನ ಇಯಾನ್ ವುಡ್‌ವರ್ಡ್ ಎಂಬ ಸಸ್ಯಶಾಸ್ತ್ರಜ್ಞರು, ಹಿಂದಿನ ಎರಡು ನೂರು ವರ್ಷಗಳಲ್ಲಿ ಆಗಾಗ್ಗೆ ಸಂಗ್ರಹಿಸಿ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟಿದ್ದ, ಶೀತೋಷ್ಣ ದೇಶದ ಎಂಟು ಜಾತಿಯ ಮರಪೊದೆಗಳ ಎಲೆಗಳನ್ನು ಪರೀಕ್ಷಿಸಿದರು. ಹಳೆಯ ಎಲೆಗಳಿಗಿಂತ ಹೊಸ ಎಲೆಗಳಲ್ಲಿ ರಂಧ್ರಗಳ ಸಾಂದ್ರತೆಯು ಸುಮಾರು ಶೇಕಡ 40ರಷ್ಟು ಕಡಮೆಯಾಗಿದ್ದಿತು. ಇಂಗಾಲಾಮ್ಲ ವಾಯುವಿನ ಪ್ರಮಾಣವನ್ನು ಬೇಕೆಂದೇ ಏರಿಳಿಸಿ ಸಸಿಗಳನ್ನು ಬೆಳೆಸಿ ನೋಡಿದಾಗಲೂ ಅದೇ ಬಗೆಯ ಮಾರ್ಪಾಟು ಕಂಡುಬಂದಿತು. ಯಾರೋ ಪುಣ್ಯಾತ್ಮರು ಯಾವ ಲಾಭವನ್ನೂ ಎಣಿಸದೆ ಕಾಪಾಡಿಟ್ಟ ತರಗೆಲೆಗಳು ಎರಡು ಶತಮಾನಗಳ ಗಾಳಿಯ ಚರಿತ್ರೆಯನ್ನು ಹೇಳುವಂತಾಯಿತು.

ಈ ಮಾರ್ಪಾಟು ಹೇಗಾಯಿತು? ಇಲ್ಲಿ ಮೂರು ಸಂಗತಿಗಳನ್ನು ಒಂದಕ್ಕೊಂದು ಬೆರಸದೆ ಬೇರೆ ಬೇರೆಯಾಗಿ ತಿಳಿಯತಕ್ಕದ್ದು. ಒಂದನೆಯದು, ಈಗಾಗಲೇ ಬಲಿತಿರುವ ಎಲೆಯು ತನ್ನ ರಂಧ್ರಗಳನ್ನು ಸ್ವಲ್ಪ ಮುಚ್ಚಿಕೊಳ್ಳುವುದು. ಇದು ನಿಮಿಷಗಳಲ್ಲಿ ನಡೆಯುವ ಕೆಲಸ. ಎರಡನೆಯದು, ಹೊಸದಾಗಿ ಚಿಗುರುವ ಎಲೆಯು ತನ್ನ ರಂಧ್ರಗಳ ಸಂಖ್ಯೆಯನ್ನೇ ಬೇರೆಯಾಗಿ ಗೊತ್ತುಮಾಡಿಕೊಳ್ಳುವುದು. ಇದಕ್ಕೆ ವಾರಗಳು ಸಾಕು. ಇಲ್ಲಿ ಮರದ ವಂಶವಾಹಿಗಳು ಬದಲಾಗುವುದಿಲ್ಲ. ಅವುಗಳಲ್ಲಿ ಯಾವುದು ಎಚ್ಚರವಾಗಿರಬೇಕು, ಯಾವುದು ನಿದ್ರಿಸಬೇಕು ಎಂಬುದು ಮಾತ್ರ ಬದಲಾಗುವುದು. ಮೂರನೆಯದು, ತಲೆಮಾರುಗಳು ಕಳೆದಂತೆ ಹೊಸ ಗಾಳಿಗೆ ಒಗ್ಗಿದ ಮರಗಳ ಸಂತಾನವು ಹೆಚ್ಚಿ, ಒಗ್ಗದ ಮರಗಳ ಸಂತಾನವು ಕ್ಷೀಣಿಸುವುದು. ಇದಕ್ಕೆ ಮರಗಳ ವಿಷಯದಲ್ಲಿ ಶತಮಾನಗಳೇ ಬೇಕು. ಗಾಳಿಯಾದರೋ ಒಂದು ಮರದ ಆಯುಸ್ಸಿನೊಳಗೇ ಬದಲಾಗುತ್ತಿದೆ. ಆದುದರಿಂದ ಇಂದಿನ ಮರವು ಮುಖ್ಯವಾಗಿ ಎರಡನೆಯ ಉಪಾಯವನ್ನೇ, ಎಂದರೆ ಹುಟ್ಟುವಾಗ ತಂದ ವಂಶವಾಹಿಗಳನ್ನೇ, ನಂಬಿ ಬಾಳಬೇಕಾಗಿದೆ.

ಮನೆತನದ ಕಡತವನ್ನು ಹೋಲಿಸಿ ಇದನ್ನು ವಿವರಿಸಬಹುದು. ಅಜ್ಜನ ಕಾಲದ ಪತ್ರಗಳೆಲ್ಲವೂ ಪೆಟ್ಟಿಗೆಯಲ್ಲಿ ಇರುತ್ತವೆ. ವ್ಯಾಜ್ಯ ಬಂದಾಗ ಒಂದು ಪತ್ರವನ್ನೂ ಮದುವೆಯಾದಾಗ ಇನ್ನೊಂದನ್ನೂ ತೆಗೆದು ಓದುವೆವು. ಸಂದರ್ಭಕ್ಕೆ ತಕ್ಕಂತೆ ಓದು ಬದಲಾಗುವುದೇ ಹೊರತು ಪತ್ರಗಳು ಬದಲಾಗುವುದಿಲ್ಲ. ಪೆಟ್ಟಿಗೆಯಲ್ಲಿ ಇಲ್ಲದ ಪತ್ರವನ್ನು ಯಾರೂ ಓದಲಾರರು. ಮರದ ವಂಶವಾಹಿಗಳೂ ಹೀಗೆಯೇ. 2006ರಲ್ಲಿ ಪಾಪ್ಲರ್ ಜಾತಿಯ ಒಂದು ಮರದ ಕಡತವನ್ನು ಸಂಪೂರ್ಣವಾಗಿ ಓದಲಾಯಿತು. ಹಾಗೆ ಓದಲ್ಪಟ್ಟ ಮರಗಳಲ್ಲಿ ಅದೇ ಮೊದಲನೆಯದು. ಅದರಲ್ಲಿ 45,000ಕ್ಕೂ ಹೆಚ್ಚು ವಂಶವಾಹಿಗಳಿರುವುದಾಗಿ ಎಣಿಸಿದರು.

ರಂಧ್ರಗಳ ಸಂಖ್ಯೆಯನ್ನು ಆಳುವ ವಂಶವಾಹಿಗಳಲ್ಲಿ ಒಂದನ್ನು 2000ನೆಯ ಇಸವಿಯಲ್ಲಿ, ಸಾಸುವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಕಿರುಗಿಡದಲ್ಲಿ ಗುರುತಿಸಿದರು. ಎಚ್.ಐ.ಸಿ. ಎಂದು ಹೆಸರಾದ ಈ ವಂಶವಾಹಿಯು ಎಲೆಯ ಮೇಲಿನ ಮೇಣವನ್ನು ತಯಾರಿಸುವ ಕೆಲಸಕ್ಕೆ ಸಂಬಂಧಿಸಿದುದು. ಅದು ಕೆಟ್ಟುಹೋದ ಗಿಡಗಳನ್ನು ಎರಡರಷ್ಟು ಇಂಗಾಲಾಮ್ಲ ವಾಯುವಿನಲ್ಲಿ ಬೆಳೆಸಿದಾಗ ರಂಧ್ರಗಳು ತಗ್ಗುವುದರ ಬದಲು ಶೇಕಡ 42ರವರೆಗೂ ಹೆಚ್ಚಿದವು. ಒಂದೇ ಒಂದು ವಂಶವಾಹಿಯ ವ್ಯತ್ಯಾಸದಿಂದ, ಅದೇ ಗಾಳಿಯಲ್ಲಿ, ಒಂದು ಗಿಡವು ನೀರನ್ನು ಉಳಿಸುವ ದಾರಿಯನ್ನೂ ಇನ್ನೊಂದು ನೀರನ್ನು ಕಳೆಯುವ ದಾರಿಯನ್ನೂ ಹಿಡಿಯುವುದೆಂದು ಇದರಿಂದ ಸಿದ್ಧವಾಗುತ್ತದೆ. ಮರುವರ್ಷ ಇನ್ನೊಂದು ವಿಚಿತ್ರವು ತಿಳಿಯಬಂದಿತು. ಅದೇ ಕಿರುಗಿಡದ ಬಲಿತ ಎಲೆಗಳಿಗೆ ಮಾತ್ರ ಹೆಚ್ಚು ಇಂಗಾಲಾಮ್ಲ ವಾಯುವನ್ನು ಒದಗಿಸಿ, ಚಿಗುರನ್ನು ಸಾಮಾನ್ಯ ಗಾಳಿಯಲ್ಲಿಯೇ ಬಿಟ್ಟರು. ಆದರೂ ಚಿಗುರೆಲೆಗಳು ಕಡಮೆ ರಂಧ್ರಗಳನ್ನೇ ಪಡೆದವು. ಮನೆಯ ಹಿರಿಯರು ಊರಿನ ಸಮಾಚಾರವನ್ನು ತಿಳಿದು ಕಿರಿಯರಿಗೆ ಎಚ್ಚರಿಕೆ ಹೇಳುವಂತೆ, ಬಲಿತ ಎಲೆಗಳು ಗಾಳಿಯ ಸಮಾಚಾರವನ್ನು ಚಿಗುರಿಗೆ ಮುಟ್ಟಿಸುತ್ತವೆ!

ಈ ವಿಷಯಗಳೆಲ್ಲ ಗಾಜಿನ ಮನೆಯ ಕುಂಡಗಳಲ್ಲಿ ಮಾತ್ರ ನಿಜವೋ, ಬಯಲಿನಲ್ಲಿ ನಿಂತ ಮರಗಳಲ್ಲಿಯೂ ನಿಜವೋ ಎಂಬ ಸಂದೇಹವು ಸಹಜವಾದುದು. ಇದನ್ನು ಪರಿಹರಿಸುವುದಕ್ಕಾಗಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ರೈನ್‌ಲ್ಯಾಂಡರ್ ಎಂಬ ಊರಿನ ಬಳಿ ದೊಡ್ಡದೊಂದು ಪ್ರಯೋಗವನ್ನು ನಡೆಸಿದರು. ತಲಾ 30 ಮೀಟರು ಅಡ್ಡಗಲದ ಹನ್ನೆರಡು ವರ್ತುಲಗಳಲ್ಲಿ ಆಸ್ಪೆನ್, ಬರ್ಚ್, ಮೇಪಲ್ ಮರಗಳನ್ನು ನೆಟ್ಟು, ಸುತ್ತಲೂ ಕೊಳವೆಗಳನ್ನು ನಿಲ್ಲಿಸಿ, 1998ರಿಂದ ಸುಮಾರು ಹನ್ನೊಂದು ವರ್ಷಗಳ ಕಾಲ ವಾಯುವನ್ನು ಬಿಟ್ಟರು. ಕೆಲವು ವರ್ತುಲಗಳಿಗೆ ಹತ್ತು ಲಕ್ಷಕ್ಕೆ 560 ಭಾಗದಷ್ಟು ಇಂಗಾಲಾಮ್ಲ ವಾಯು, ಕೆಲವಕ್ಕೆ ಓಜೋನ್ ವಾಯು, ಕೆಲವಕ್ಕೆ ಎರಡೂ, ಮಿಕ್ಕವಕ್ಕೆ ಬರಿಯ ಗಾಳಿ. ಓಜೋನ್ ಎಂಬುದು ಮೋಟಾರು ವಾಹನಗಳ ಹೊಗೆ, ಕಸಕಡ್ಡಿ ಸುಟ್ಟ ಹೊಗೆ ಮೊದಲಾದುವು ಬಿಸಿಲಿನಲ್ಲಿ ಬೆಂದು ಹುಟ್ಟುವ ಒಂದು ತೀಕ್ಷ್ಣ ವಾಯು. ಆಕಾಶದ ಎತ್ತರದಲ್ಲಿ ಅದು ನಮಗೆ ರಕ್ಷಕವಾದರೂ ನೆಲದ ಮಟ್ಟದಲ್ಲಿ ಎಲೆಗೆ ವಿಷವೇ ಸರಿ. ಅದೂ ಪತ್ರರಂಧ್ರಗಳ ಮೂಲಕವೇ ಒಳಹೊಕ್ಕು ಎಲೆಯನ್ನು ಸುಡುವುದು.

ಫಲಿತಾಂಶವು ಗಮನಿಸತಕ್ಕದ್ದು. ಇಂಗಾಲಾಮ್ಲ ವಾಯು ಮಾತ್ರ ಹೆಚ್ಚಾದಲ್ಲಿ ಆಸ್ಪೆನ್ ಮರಗಳು ಹೆಚ್ಚು ಬೆಳೆದವು. ಓಜೋನ್ ಮಾತ್ರ ಹೆಚ್ಚಾದಲ್ಲಿ ಬೆಳವಣಿಗೆ ತಗ್ಗಿತು, ಎಲೆಗೆ ತುಕ್ಕುರೋಗವೂ ಹೆಚ್ಚಾಯಿತು. ಎರಡೂ ಸೇರಿದಲ್ಲಿ, ಒಂದು ಕೊಟ್ಟ ಲಾಭವನ್ನು ಇನ್ನೊಂದು ಬಹುಮಟ್ಟಿಗೆ ಕಸಿದುಕೊಂಡಿತು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಅಲ್ಲಿ ಆಸ್ಪೆನ್ನಿನ ಐದು ತಳಿಗಳನ್ನು ನೆಟ್ಟಿದ್ದರು. ಜಾತಿಯು ಒಂದೇ, ಮಣ್ಣು ಒಂದೇ, ಮಳೆಯೂ ಒಂದೇ ಆಗಿದ್ದರೂ ಒಂದು ತಳಿಯು ಓಜೋನನ್ನು ಸಹಿಸಿ ಮೇಲೆದ್ದಿತು, ಇನ್ನೊಂದು ಸೊರಗಿ ನೆರಳಿನಲ್ಲಿ ಸಿಕ್ಕಿ ಸೋತಿತು. ಒಂದು ಗಾಳಿಯಲ್ಲಿ ಮುಂದಾಗಿದ್ದ ತಳಿಯು ಇನ್ನೊಂದು ಗಾಳಿಯಲ್ಲಿ ಹಿಂದಾಯಿತು. ಯಾವ ತಳಿಯು ಉತ್ತಮವೆಂಬ ಪ್ರಶ್ನೆಗೆ, ಯಾವ ಗಾಳಿಯಲ್ಲಿ ಎಂದು ಕೇಳದೆ ಉತ್ತರ ಹೇಳಲಾಗದೆಂದು ಹೀಗೆ ಸ್ಪಷ್ಟವಾಯಿತು.

ಇಟಲಿ ದೇಶದ ತುಸ್ಕಾನಿಯಾ ಎಂಬಲ್ಲಿ ಪಾಪ್ಲರ್ ಮರಗಳ ಮೇಲೆ ನಡೆದ ಇಂಥದೇ ಪ್ರಯೋಗದಲ್ಲಿ, ಎಲೆಗಳೊಳಗೆ ಯಾವ ವಂಶವಾಹಿಗಳು ಚುರುಕಾಗಿವೆ, ಯಾವುವು ಮಂದವಾಗಿವೆ ಎಂಬುದನ್ನೂ ಅಳೆದರು. ಹೆಚ್ಚಿದ ಇಂಗಾಲಾಮ್ಲ ವಾಯುವಿಗೆ ಎಳೆಯ ಎಲೆಯ ಉತ್ತರವೇ ಬೇರೆ, ಬಲಿತ ಎಲೆಯ ಉತ್ತರವೇ ಬೇರೆ ಎಂದು ತಿಳಿಯಿತು. ಅಲ್ಲದೆ, ಅಲ್ಲಿಯೂ ವಿಸ್ಕಾನ್ಸಿನ್ನಿನಲ್ಲಿಯೂ ಎಲೆಯುದುರುವ ಕಾಲದಲ್ಲಿ ಈ ಮರಗಳು ಹೆಚ್ಚು ದಿನ ಹಸುರಾಗಿದ್ದವು. ಎಲೆಯಲ್ಲಿ ಕೆಂಪು ಬಣ್ಣವನ್ನು ಕಟ್ಟುವ ವಂಶವಾಹಿಗಳು ಆ ಸಮಯದಲ್ಲಿ ಚುರುಕಾಗಿದ್ದುವೆಂದು 2010ರಲ್ಲಿ ವರದಿಯಾಯಿತು. ಗಾಳಿಯು ಎಲೆಯ ಊಟವನ್ನು ಮಾತ್ರವಲ್ಲದೆ ಅದರ ಪಂಚಾಂಗವನ್ನೂ ತಿದ್ದುತ್ತದೆಯೆಂದಾಯಿತು.

ಹಾಗಾದರೆ ಹೆಚ್ಚಿನ ಬೆಳವಣಿಗೆಯಾದರೂ ಶಾಶ್ವತವಾಗಿ ನಿಲ್ಲುವುದೆ? ಅಮೆರಿಕದ ಓಕ್ ರಿಡ್ಜ್ ಎಂಬಲ್ಲಿ ಸ್ವೀಟ್‌ಗಮ್ ಮರಗಳ ತೋಪಿಗೆ ಹೀಗೆಯೇ ವಾಯುವನ್ನು ಬಿಟ್ಟಾಗ, ಮೊದಲ ವರ್ಷಗಳಲ್ಲಿ ತೋಪಿನ ಬೆಳವಣಿಗೆಯು ಶೇಕಡ 24ರಷ್ಟು ಹೆಚ್ಚಾಗಿದ್ದುದು 2008ರ ವೇಳೆಗೆ ಶೇಕಡ 9ಕ್ಕೆ ಇಳಿದುಹೋಯಿತು. ಮಣ್ಣಿನಲ್ಲಿ ಸಾರಜನಕವು ಸಾಲದೆ ಹೋದುದೇ ಇದಕ್ಕೆ ಮುಖ್ಯ ಕಾರಣವೆಂದು ತಿಳಿಯಿತು. ಅನ್ನವನ್ನು ರಾಶಿ ಹಾಕಿ ಸಾರನ್ನು ಬಡಿಸದಿದ್ದರೆ ಊಟವು ಎಷ್ಟು ಸಾಗೀತು? ಇಂಥ ಗಾಳಿಯಲ್ಲಿ ಬೆಳೆದ ಎಲೆಗಳಲ್ಲಿ ಸಕ್ಕರೆ ಪಿಷ್ಟಗಳು ಹೆಚ್ಚಿ, ತೂಕಕ್ಕೆ ಸರಿಯಾದ ಸಾರಜನಕವು ಸಾಮಾನ್ಯವಾಗಿ ತಗ್ಗುವುದು. ಸೊಪ್ಪನ್ನು ಮೇವಿಗೂ ಗೊಬ್ಬರಕ್ಕೂ ಉಪಯೋಗಿಸುವ ನಮ್ಮ ರೈತರು ಇದನ್ನು ಮರೆಯಬಾರದು. ಕಾಳುಗಳ ಮೇಲೆಯೂ ಈ ಪರಿಣಾಮವುಂಟು. ಹೆಚ್ಚಿದ ಇಂಗಾಲಾಮ್ಲ ವಾಯುವಿನಲ್ಲಿ ಬೆಳೆದ ಗೋಧಿ ಮತ್ತು ಬತ್ತದ ಕಾಳುಗಳಲ್ಲಿ ಸತುವೂ ಕಬ್ಬಿಣವೂ ಸಸಾರಜನಕವೂ ಕಡಮೆಯಾಗುವುದೆಂದೂ, ಜೋಳ ಮುಸುಕಿನ ಜೋಳಗಳಲ್ಲಿ ಈ ದೋಷವು ಅಷ್ಟಾಗಿ ಕಾಣುವುದಿಲ್ಲವೆಂದೂ 2014ರಲ್ಲಿ ಪ್ರಕಟವಾಯಿತು. ನಮ್ಮ ರಾಗಿಯೂ ಆಹಾರ ತಯಾರಿಸುವ ಕ್ರಮದಲ್ಲಿ ಜೋಳದ ಗುಂಪಿಗೆ ಸೇರಿದುದೆಂಬುದು ಸಮಾಧಾನದ ಸಂಗತಿ. ಮರಗಳಾದರೋ ಹೊಂಗೆ, ಹುಣಿಸೆ, ಬೇವು, ಮಾವು, ಹಲಸು, ತೆಂಗು, ಅಡಕೆ ಎಲ್ಲವೂ ಬತ್ತದ ಗುಂಪಿನವು.

ಶೀತದೇಶದ ಮರಗಳ ಅಂಕಿಗಳನ್ನು ಇದ್ದಂತೆಯೇ ನಮ್ಮ ಹೊಂಗೆಗೆ ಅನ್ವಯಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಅವುಗಳಿಂದ ಹೊರಡುವ ನೀತಿಯು ಎಲ್ಲ ಸೀಮೆಗೂ ಸಲ್ಲುವುದು. ಅದೇನೆಂದರೆ: ಒಂದೇ ಜಾತಿಯ ಮರಗಳೊಳಗೇ ಗಾಳಿಗೆ ಉತ್ತರ ಕೊಡುವ ಶಕ್ತಿಯಲ್ಲಿ ಹುಟ್ಟುಭೇದವುಂಟು, ಮುಂದೆ ಬರುವ ಗಾಳಿಯು ಯಾವ ಮರವನ್ನು ಮೆಚ್ಚುವುದೋ ಇಂದೇ ಹೇಳಲಾಗದು, ಆದುದರಿಂದ ಭೇದವನ್ನು ಉಳಿಸಿಕೊಂಡವನೇ ಜಾಣನು.

ಈಗ ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧವಾದುದು. ಹೊಲದ ಬದುಗಳಲ್ಲಿದ್ದ ನಾನಾ ಬಗೆಯ ಮರಗಳನ್ನು ಕಡಿದು, ಒಂದೇ ತಾಯಿಯ ತುಂಡುಗಳಿಂದ ಎಬ್ಬಿಸಿದ ಸಾವಿರಾರು ಸಸಿಗಳನ್ನು ಸಾಲಾಗಿ ನೆಡುವ ಅಭ್ಯಾಸವು ಬೆಳೆಯುತ್ತಿದೆ. ಅವೆಲ್ಲವೂ ಒಂದೇ ಮರವೆಂದೇ ಎಣಿಸಬೇಕು. ಅವುಗಳ ಕಡತದಲ್ಲಿ ಇರುವ ಪತ್ರಗಳು ಒಂದೇ. ಒಂದಕ್ಕೆ ಸೋಲು ಬಂದರೆ ಎಲ್ಲಕ್ಕೂ ಬರುವುದು. ರಾಗಿಯ ತಳಿಯು ಕೆಟ್ಟುದಾದರೆ ಮರುವರ್ಷ ಬದಲಾಯಿಸಬಹುದು. ಮೂವತ್ತು ನಲವತ್ತು ವರ್ಷ ನಿಲ್ಲುವ ಮರದಲ್ಲಿ ತಪ್ಪು ಮಾಡಿದರೆ ಅದನ್ನು ತಿದ್ದುವ ವೇಳೆಗೆ ನೆಟ್ಟವನ ಆಯುಸ್ಸೇ ಮುಗಿದಿರುವುದು.

"ಒಂದೇ ತಳಿಯ ಕಸಿಗಿಡಗಳು ಸಮನಾದ ಫಸಲನ್ನು ಕೊಡುತ್ತವೆ, ಬೀಜದ ಗಿಡಗಳನ್ನು ನಂಬುವುದು ಹೇಗೆ?" ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಕಸಿಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಒಂದೇ ಕಸಿಯನ್ನು ನಂಬಬಾರದೆಂದು ಮಾತ್ರ ಹೇಳುತ್ತೇವೆ. ಅಲ್ಲದೆ ಒಳ್ಳೆಯ ಕಸಿಗೂ ಮೂಲವು ಬೀಜದಿಂದ ಹುಟ್ಟಿದ ಯಾವುದೋ ಒಂದು ಮರವೇ. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ತಾಮ್ರಗೆಂಪು ತೊಳೆಯ ಒಂದೇ ಹಲಸಿನ ಮರದಿಂದ 'ಸಿದ್ದು' ಎಂಬ ಪ್ರಸಿದ್ಧ ತಳಿಯು ಹೊರಟಿತು. ಮಲೆನಾಡಿನ ಹೊಳೆದಂಡೆಯ ಅಪ್ಪೆಮಿಡಿಯ ಮಾವುಗಳಲ್ಲಿ ಮರಕ್ಕೊಂದು ರುಚಿ, ಮರಕ್ಕೊಂದು ಸೊನೆಯ ಪರಿಮಳವಿರುವುದು ಉಪ್ಪಿನಕಾಯಿ ಹಾಕುವ ಪ್ರತಿಯೊಂದು ಮನೆಯವರಿಗೂ ಗೊತ್ತು. ನಾಲಗೆಗೆ ತಿಳಿಯುವ ಭೇದವನ್ನು ನಾವು ಗುರುತಿಸಿದ್ದೇವೆ. ಗಾಳಿಗೆ ತಿಳಿಯುವ ಭೇದವೂ ಅದೇ ಮರಗಳಲ್ಲಿ ಅಡಗಿರುವುದೆಂಬುದನ್ನು ನೆನೆಯಬೇಕು. ಮರವನ್ನು ಕಡಿದ ಮೇಲೆ ಎರಡನ್ನೂ ಮರಳಿ ಪಡೆಯಲಾಗದು.

ಇನ್ನು ಕೆಲವರು, "ವಂಶವಾಹಿಗಳನ್ನು ವಿಜ್ಞಾನಿಗಳೇ ತಿದ್ದಿ ಹೊಸ ಮರಗಳನ್ನು ಕೊಡುವರು" ಎನ್ನುತ್ತಾರೆ. ರಂಧ್ರಗಳನ್ನು ಕಡಮೆ ಮಾಡಿದ ಬತ್ತವೊಂದನ್ನು ತಯಾರಿಸಿ, ಅದು ಬರವನ್ನು ಹೆಚ್ಚು ಕಾಲ ತಡೆಯುವುದೆಂದು 2019ರಲ್ಲಿ ತೋರಿಸಿರುವುದು ನಿಜ. ಆದರೆ ಬತ್ತವು ನಾಲ್ಕು ತಿಂಗಳ ಪೈರು. ಮರವನ್ನು ಹಾಗೆ ಪರೀಕ್ಷಿಸಬೇಕಾದರೆ ದಶಕಗಳು ಬೇಕು. ಅಲ್ಲದೆ ರಂಧ್ರಗಳು ಕಡಮೆಯಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಬೆವರದ ಮೈ ಕಾಯುವಂತೆ, ನೀರನ್ನು ಆವಿಮಾಡದ ಎಲೆಯೂ ಬಿಸಿಲಿನಲ್ಲಿ ಕಾಯುವುದು. ಪ್ರಕೃತಿಯು ತೂಗಿ ಇಟ್ಟಿರುವ ಈ ಲೆಕ್ಕವನ್ನು ತಿದ್ದಹೊರಡುವ ವಿಜ್ಞಾನಿಗೂ ಕೊನೆಗೆ ಬೇಕಾಗುವುದು ಹಳೆಯ ಮರಗಳ ಭಂಡಾರವೇ.

ಆದುದರಿಂದ ಗ್ರಾಮಗಳ ಮುಖಂಡರಲ್ಲಿಯೂ ಭೂಮಾಲೀಕರಲ್ಲಿಯೂ ನಮ್ಮ ವಿಜ್ಞಾಪನೆಯೇನೆಂದರೆ: ಸಸಿಮಡಿಗೆ ಬೀಜವನ್ನು ಆರಿಸುವಾಗ ಕೈಗೆ ಸಿಕ್ಕಿದ ಒಂದು ಮರದಿಂದ ತೆಗೆದುಕೊಳ್ಳದೆ, ಒಂದಕ್ಕೊಂದು ದೂರದಲ್ಲಿರುವ ಹತ್ತಿಪ್ಪತ್ತು ಮರಗಳಿಂದ ಆರಿಸಬೇಕು. ಪಕ್ಕಪಕ್ಕದ ಮರಗಳು ಅನೇಕವೇಳೆ ಒಡಹುಟ್ಟಿದವುಗಳಾಗಿರುತ್ತವೆ. ಬರದ ವರ್ಷಗಳಲ್ಲಿ ಎಲೆಯನ್ನು ಉಳಿಸಿಕೊಂಡ ಮರ ಯಾವುದು, ಹೆದ್ದಾರಿಯ ಹೊಗೆಯಲ್ಲಿಯೂ ಹಸುರಾಗಿ ನಿಂತ ಮರ ಯಾವುದು ಎಂಬುದನ್ನು ಊರಿನ ಹಿರಿಯರು ಬಲ್ಲರು. ಅಂಥವುಗಳ ಬೀಜವನ್ನು ತಪ್ಪದೆ ಸೇರಿಸಬೇಕು. ಕಸಿಗಿಡಗಳನ್ನು ನೆಡುವವರು ನಾಲ್ಕಾರು ತಳಿಗಳನ್ನು ಬೆರಸಿ ನೆಡಬೇಕು. ಗುಂಡುತೋಪುಗಳನ್ನೂ ದೇವರಕಾಡುಗಳನ್ನೂ ಬೀಜದ ಕಣಜಗಳೆಂದು ಭಾವಿಸಿ, ಸೊಟ್ಟಮರವೆಂದಾಗಲಿ ಮುದಿಮರವೆಂದಾಗಲಿ ಸೌದೆಗೆ ಕಡಿಯದೆ ಕಾಪಾಡಬೇಕು. ಮರದ ಬುಡಕ್ಕೆ ಕೆರೆಗೋಡನ್ನೂ ತರಗೆಲೆಯ ಗೊಬ್ಬರವನ್ನೂ ಹಾಕಿಸಿ, ಗಾಳಿಯು ಕೊಡುವ ಅನ್ನಕ್ಕೆ ಮಣ್ಣಿನ ಸಾರನ್ನು ಒದಗಿಸಬೇಕು. ತರಗೆಲೆಯನ್ನೂ ಹುಲ್ಲನ್ನೂ ಸುಡುವುದಂತೂ ಎರಡು ವಿಧದಲ್ಲಿ ನಷ್ಟ. ಗೊಬ್ಬರವೂ ಹೋಗುವುದು, ಆ ಹೊಗೆಯು ಓಜೋನಿಗೆ ಮೂಲವಾಗಿ ನಿಂತ ಮರವನ್ನೂ ಬಾಧಿಸುವುದು.

ಇವುಗಳಲ್ಲಿ ಹೆಚ್ಚು ಹಣ ಬೇಡುವ ಕೆಲಸವು ಒಂದೂ ಇಲ್ಲ. ಬೇಕಾದುದು ಸ್ವಲ್ಪ ಮುಂದಾಲೋಚನೆ ಮಾತ್ರ. ನಮ್ಮ ಪೂರ್ವಿಕರಿಗೆ ವಂಶವಾಹಿಯೆಂಬ ಮಾತು ತಿಳಿದಿರಲಿಲ್ಲ. ಆದರೂ ಅವರು ಒಂದೊಂದು ತೋಪಿನಲ್ಲಿಯೂ ಬಗೆಬಗೆಯ ಮರಗಳನ್ನು ನೆಟ್ಟು, ತಾವು ನೆರಳಿನಲ್ಲಿ ಕೂರದಿದ್ದರೂ ನಾವು ಕೂರುವಂತೆ ಮಾಡಿದರು. ತಿಳಿದೂ ತಿಳಿದೂ ನಾವು ಆ ಭಂಡಾರವನ್ನು ಬರಿದುಮಾಡಿದರೆ, ನಮ್ಮ ಮೊಮ್ಮಕ್ಕಳು ಬೇರೆಯ ಗಾಳಿಯಲ್ಲಿ ಉಸಿರಾಡುತ್ತ, ಆ ಗಾಳಿಗೆ ಒಗ್ಗುವ ಮರವೊಂದನ್ನು ಹುಡುಕಿಕೊಂಡು ಅಲೆಯಬೇಕಾದೀತು. ಈ ವರ್ಷ ಮುಂಗಾರಿಗೆ ಮುಂಚೆ ತಂತಮ್ಮ ಗ್ರಾಮದ ಹಳೆಯ ಮರಗಳನ್ನು ಒಮ್ಮೆ ಸುತ್ತಿ ನೋಡಿ, ಬೀಜಕ್ಕೆ ಯೋಗ್ಯವಾದುವುಗಳ ಪಟ್ಟಿಯೊಂದನ್ನು ಬರೆದಿಡಬೇಕೆಂದು ವಾಚಕ ಮಹಾಶಯರನ್ನು ಪ್ರಾರ್ಥಿಸುತ್ತೇವೆ.